ಕತ್ತಲೆಕಾನಿನಲ್ಲಿ ಒಂದು ಲೆಕ್ಕದ ಪಾಠ

ಅಮ್ಮಿ ಬಿರಿಯಾನಿಗೆ ಹಾಕುವ ಜಾವಿತ್ರಿಗೆ ಕನ್ನಡದಲ್ಲಿ ಜಾಪತ್ರೆ ಎನ್ನುತ್ತಾರೆ. ಅದೇ ಕುಟುಂಬದ ಕಾಡುಮರಗಳನ್ನು ನೋಡಲು ಏಪ್ರಿಲ್ ರಜೆಯಲ್ಲಿ ಹೊನ್ನಾವರದಿಂದ ಗೇರುಸೊಪ್ಪ ಘಾಟಿ ಹತ್ತಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಿದ್ದೆವು. ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಪ್ರದೇಶವೆಂದು ಕಾದಿರಿಸಿದ್ದ ಕಾಡು ಇದು.

ರಸ್ತೆಯಲ್ಲಿ ಸುಡುಬಿಸಿಲು, ಕಾಡಿನೊಳಗೆ ಪಾದ ಮುಳುಗುವಷ್ಟು ನೀರು. ಇದೇ ರಾಂಪತ್ರೆ ಜಡ್ಡಿ. ಜೌಗು ಮಣ್ಣಿನಲ್ಲಿ ಗಾಳಿ ಕಡಿಮೆ. ಆದ್ದರಿಂದ ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಉಸಿರಾಡುತ್ತವೆ. ಅಘನಾಶಿನಿ ಅಳಿವೆಯ ಕಾಂಡ್ಲಾ ಗಿಡಗಳಿಗೂ ಉಸಿರಾಡುವ ಬೇರುಗಳಿವೆ. ಅಮೆರಿಕದ ಜೌಗಿನ ಸೈಪ್ರೆಸ್ ಮರಗಳಿಗೂ ಇಂಥ ಮೊಣಕಾಲುಗಳಿವೆ. 2000ರಲ್ಲಿ ಹೊಸದೆಂದು ಗುರುತಿಸಿದ ಒಂದು ಮರಕ್ಕೆ ಈ ಕಾಡಿನ ಹೆಸರನ್ನೇ ಇಟ್ಟು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದಿದ್ದಾರೆ.

ಹಿಂದೆ ಇಂಥ ಎಷ್ಟೋ ಜಡ್ಡಿಗಳು ಗದ್ದೆ, ಅಡಿಕೆ ತೋಟಗಳಾದವು. ನಮ್ಮ ಅಬ್ಬಾ ಅಡಿಕೆ ವ್ಯಾಪಾರಿ. ನನ್ನ ಕಾಲೇಜು ಫೀಸೂ ಅಡಿಕೆಯಿಂದಲೇ ಬರುತ್ತದೆ. ಹಾಗಾಗಿ ತೋಟವನ್ನು ದೂರುವ ಹಕ್ಕು ನನಗಿಲ್ಲ. ಆದರೆ ಒಂದು ಲೆಕ್ಕ ಕೇಳಬಹುದು.

ಯಂತ್ರ ಸವೆದರೆ ನಾವು ಸವಕಳಿ ಬರೆಯುತ್ತೇವೆ. ಜಡ್ಡಿ ಬತ್ತಿದರೆ ಯಾವ ಖಾತೆಯಲ್ಲಿ ಬರೆಯುತ್ತೇವೆ? ಯಂತ್ರವನ್ನು ಮತ್ತೆ ಕೊಳ್ಳಬಹುದು. ಈ ಮರಗಳ ಬೀಜವೋ, ಒಣಗಿದರೆ ಮೊಳೆಯುವುದೇ ಇಲ್ಲ. ಇಂಥ ಜಡ್ಡಿಗಳಿಂದ ಹೊರಟ ಹಳ್ಳವೇ ಬೇಸಿಗೆಯಲ್ಲಿ ಕೆಳಗಿನ ತೋಟಕ್ಕೂ ನೀರು. ಜಡ್ಡಿ ಅಸಲು, ಹಳ್ಳ ಲಾಭ. ಅಸಲನ್ನೇ ಕರಗಿಸಿ ಅದನ್ನು ಲಾಭವೆಂದು ಬರೆದರೆ, ನಮ್ಮ ಅಕೌಂಟೆನ್ಸಿ ಉಪನ್ಯಾಸಕರು ಆ ಲೆಕ್ಕಕ್ಕೆ ಅಂಕ ಕೊಡುವುದಿಲ್ಲ.