ವಿಮೆ ಕೊಡದಿದ್ದರೇನು, ಸರ್ಕಾರ ಕೊಡುತ್ತದೆ

ಹೊಸದಾಗಿ ಸಂಸಾರ ಹೂಡಿದ ಮಕ್ಕಳೇ, ಮನೆ ಬಾಡಿಗೆ, ಸಾಲದ ಕಂತು, ಚೀಟಿ ಹಣ ಎಲ್ಲಕ್ಕೂ ಲೆಕ್ಕ ಬರೆದಿಡುತ್ತೀರಿ. ಮಗು ಯಾವಾಗ ಬೇಕು ಅನ್ನುವುದನ್ನು ಮಾತ್ರ ‘ಆದಾಗ ಆಗಲಿ’ ಎಂದು ಬಿಡುತ್ತೀರಿ. ಸಂಕೋಚ ಬದಿಗಿಟ್ಟು ಒಂದು ಮಾತು ಹೇಳುತ್ತೇನೆ, ಕೇಳಿ.

ನಿಮ್ಮ ಆರೋಗ್ಯ ವಿಮೆಯ ಕಾಗದ ತೆಗೆದು, ಯಾವುದಕ್ಕೆ ಹಣ ಸಿಗುವುದಿಲ್ಲ ಎಂಬ ಪಟ್ಟಿ ನೋಡಿ. ಗರ್ಭನಿರೋಧಕ ವಿಧಾನ, ಸಂತಾನಹರಣ ಚಿಕಿತ್ಸೆ ಎರಡೂ ಬಹುತೇಕ ಅಲ್ಲೇ ಇರುತ್ತವೆ. ಹೆರಿಗೆಯ ಸಾವಿರಾರು ರೂಪಾಯಿ ಕೊಡುವ ಪಾಲಿಸಿಯೂ ಕಾಪರ್-ಟಿಗೆ ಕೊಡದಿರಬಹುದು. ಇದಕ್ಕೆ ಕಾರಣ ಉಂಟು. ವಿಮೆಯ ಲೆಕ್ಕ ವರ್ಷಕ್ಕೊಮ್ಮೆ ಮುಗಿಯುತ್ತದೆ. ಕಾಪರ್-ಟಿ 380ಎ ಕೆಲಸ ಮಾಡುವುದು 10 ವರ್ಷ. ಇಂದು ಖರ್ಚು ಒಂದು ಕಂಪನಿಯದಾದರೆ, ನೀವು ಕೆಲಸ ಬದಲಿಸಿದ ಮೇಲೆ ಉಳಿತಾಯ ಇನ್ನೊಂದರ ಪಾಲು.

ಹಾಗಾಗಿ ದೂರದ ಲಾಭ ನೋಡುವ ಕೆಲಸ ಸರ್ಕಾರದ ಬೊಕ್ಕಸದ್ದು. ಅಮೆರಿಕ ಇದನ್ನು 1972ರಲ್ಲೇ ಮನಗಂಡಿತು. ಬಡವರ ಸರ್ಕಾರಿ ವಿಮೆಯಾದ ಮೆಡಿಕೈಡ್‌ನಲ್ಲಿ ಕುಟುಂಬ ಯೋಜನೆಯ ಸೇವೆ ಕಡ್ಡಾಯವಾಯಿತು. ಅದಕ್ಕಾಗುವ ಪ್ರತಿ 100 ಡಾಲರ್‌ನಲ್ಲಿ 90 ಕೇಂದ್ರದ ಹೊಣೆಯಾಯಿತು. ಬಯಸದ ಬಸಿರಾದರೆ ಬಡತಾಯಿಯ ಹೆರಿಗೆ, ಕೂಸಿನ ಆರೈಕೆಯ ಬಿಲ್ಲು ಬರುವುದೂ ಅದೇ ಬೊಕ್ಕಸಕ್ಕೆ. ಅದರ ಮುಂದೆ ಮಾತ್ರೆಯ ಖರ್ಚು ಬಲು ಚಿಕ್ಕದು. 2012ರಿಂದ ಅಲ್ಲಿನ ಹೆಚ್ಚಿನ ಖಾಸಗಿ ವಿಮೆಗಳೂ ಕೈಯಿಂದ ಹಣ ಕೇಳದೆ ಗರ್ಭನಿರೋಧಕ ಸೇವೆ ಕೊಡಬೇಕಾಯಿತು.

ನಮ್ಮಲ್ಲಿ ದಾರಿ ಬೇರೆ. ಇಲ್ಲಿ ವಿಮೆಯ ಗೊಡವೆಯಿಲ್ಲದೆ ಸಾಮಗ್ರಿಯನ್ನೇ ಉಚಿತವಾಗಿ ಕೊಡುತ್ತಾರೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರಗಳಿಗೆ ಆದೇಶ ಹೊರಡಿಸಿತ್ತು. ದೇಶದ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಇಂದು ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ನಿರೋಧ್, ಮಾಲಾ-ಎನ್, ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ಕಾಪರ್-ಟಿ ಎಲ್ಲವೂ ಉಚಿತ. ಸಂಬಳದವರಾದ ನಮಗೇಕೆ ಎನ್ನಬೇಡಿ. ಅದು ನಿಮ್ಮ ತೆರಿಗೆಯ ಹಣದ್ದೇ. ಯಾವುದು ಒಗ್ಗುತ್ತದೆಂದು ವೈದ್ಯರನ್ನು ಕೇಳಿ ಆರಿಸಿಕೊಳ್ಳಿ.

ಮಗನೇ, ಇದು ನಿನಗೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಚಿಕಿತ್ಸೆಯ ಅಂಕಿ ಸೊನ್ನೆಯ ಹತ್ತಿರ. ಹೊಟ್ಟೆ ಕೊಯ್ಯದೆ, ಕಡಿಮೆ ಅಪಾಯದಲ್ಲಿ, ಹೆಚ್ಚು ಪರಿಹಾರಧನದೊಂದಿಗೆ ಆಗುವುದು ಗಂಡಸರದೇ. ಚಿಕಿತ್ಸೆಯಾದ ಮೇಲೆ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರೆ ಸಾಕು, ಗಂಡಸುತನಕ್ಕೆ ಕುಂದಿಲ್ಲ. ಸರ್ಕಾರ ಹಣ ಕೊಟ್ಟರೂ ಮೈ ನೋವು ಹೆಂಡತಿಯೊಬ್ಬಳದೇ ಆದರೆ ಲೆಕ್ಕ ಸರಿಹೋಗುವುದಿಲ್ಲ.

ಮೊದಲ ಮಗು ಬೇಡವೆಂದಿದ್ದಾಗ, ಎರಡರ ನಡುವೆ ಅಂತರ ಬೇಕಾದಾಗ, ಇನ್ನು ಸಾಕೆನಿಸಿದಾಗ, ಮೂರು ಹೊತ್ತಿನಲ್ಲೂ ಇಬ್ಬರೂ ಕೂತು ಮಾತಾಡಿ. ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಈ ವಾರವೇ ಕೇಳಿ. ಇಬ್ಬರೂ ಒಟ್ಟಿಗೆ ಹೋಗಿ.