ಮಳೆಗಾಲದ ಹೊಳೆ, ಕಯಾಕ್ ಮತ್ತು ನಾವು

ಪ್ರಶ್ನೆ: ಹರಿಹರಪುರದ ತುಂಗೆಯಲ್ಲಿ ಈಜಿ ಬೆಳೆದವನು ನಾನು. ಗೆಳೆಯರೆಲ್ಲ ಸೇರಿ ಆನ್‌ಲೈನ್‌ನಲ್ಲಿ ಗಾಳಿ ತುಂಬುವ ಕಯಾಕ್ ತರಿಸಿದ್ದೇವೆ. ಜುಲೈನಲ್ಲಿ ಶೃಂಗೇರಿಯಿಂದ ಇಲ್ಲಿಯವರೆಗೆ ಬರುವ ಯೋಚನೆ. ಈಜು ಬಲ್ಲವರಿಗೂ ಲೈಫ್ ಜಾಕೆಟ್ ಬೇಕೇ?
– ಪದವಿ ವಿದ್ಯಾರ್ಥಿ, ಕೊಪ್ಪ ತಾಲ್ಲೂಕು

ಉತ್ತರ: ಬೇಕು. ಹೆಲ್ಮೆಟ್ಟೂ ಬೇಕು. ಆದರೆ ಜುಲೈ ಬೇಡ. ನಿಮಗೆ ಪರಿಚಯವಿರುವುದು ಬೇಸಿಗೆಯ ತುಂಗೆ. ಮಳೆಗಾಲದಲ್ಲಿ ಶೃಂಗೇರಿ ಪೇಟೆಯಲ್ಲಿ ಹೊಳವಾಗಿದ್ದರೂ ಮೇಲೆ ಕೆರೆಕಟ್ಟೆ ಕಡೆ ಹೊಯ್ದ ಮಳೆ ಕೆಲವೇ ಗಂಟೆಗಳಲ್ಲಿ ಹೊಳೆಯನ್ನು ಏರಿಸಿಬಿಡುತ್ತದೆ. ಶೃಂಗೇರಿಯ ಹೊಳೆದಡದ ಕಪ್ಪೆ ಶಂಕರ ಗುಡಿ ಮುಳುಗಿತೆಂಬ ಸುದ್ದಿ ನೀವೂ ಓದಿರುತ್ತೀರಿ. ನೀರು ಕೆಂಪಾಗಿ, ಎಲೆ ಕಡ್ಡಿ ತೇಲಿಬರತೊಡಗಿದರೆ ದಡ ಹತ್ತಿಬಿಡಿ.

ನೊರೆ ಕಂಡು ಎಲ್ಲರೂ ಹೆದರುತ್ತಾರೆ. ನನಗೆ ಹೆಚ್ಚು ಭಯ ಹೊಳೆಗೆ ಅಡ್ಡಬಿದ್ದ ಮರದ್ದು. ಕೊಂಬೆಗಳ ನಡುವೆ ನೀರು ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ತಪ್ಪಿಸಿಕೊಳ್ಳಲು ಆಗದೇ ಹೋದರೆ ತಲೆ ಮುಂದು ಮಾಡಿ ಈಜಿ, ಮರದ ಮೇಲೆ ಹತ್ತಿಕೊಳ್ಳಬೇಕು, ಅಡಿಗೆ ಹೋಗಬಾರದು. ಉಳಿದ ಕಡೆ ಕಯಾಕ್ ಮಗುಚಿದರೆ ಅಂಗಾತ ತೇಲಿ, ಕಾಲು ಹರಿವಿನ ದಿಕ್ಕಿಗಿರಲಿ, ಪಾದ ನೀರಿನ ಮೇಲಿರಲಿ. ಮೊಣಕಾಲುದ್ದದ ನೀರೇ ಆದರೂ ಸೆಳವಿನಲ್ಲಿ ಎದ್ದು ನಿಲ್ಲಬೇಡಿ: ಬಂಡೆ ಸಂದಿಗೆ ಪಾದ ಸಿಕ್ಕಿದರೆ ನೀರು ಮೈಯನ್ನು ಮುಂದಕ್ಕೆ ಮಲಗಿಸಿ ಅದುಮಿಡುತ್ತದೆ. ಈಜುಗಾರರೂ ಹೋಗುವುದು ಹೀಗೆಯೇ.

ಕಿಂಡಿ ಅಣೆಕಟ್ಟು ಎದುರಾದರೆ ದೂರದಲ್ಲೇ ದಡ ಸೇರಿ, ಕಯಾಕ್ ಹೊತ್ತು ದಾಟಿ. ಮೇಲಿನಿಂದ ನೋಡಿದರೆ ಸಣ್ಣ ಮೆಟ್ಟಿಲಿನಂತೆ ಕಾಣುತ್ತದೆ. ಕೆಳಗೆ ಬಿದ್ದ ನೀರು ಮರಳಿ ಗೋಡೆಯ ಕಡೆಗೇ ಸುತ್ತುತ್ತಿರುತ್ತದೆ. ಅದರೊಳಗೆ ಸಿಕ್ಕವರನ್ನು ಜಾಕೆಟ್ ಕೂಡ ಹೊರತರುವುದು ಕಷ್ಟ.

ಪ್ರಶ್ನೆ: ನರಸಿಂಹರಾಜಪುರದ ಭದ್ರಾ ಹಿನ್ನೀರಿನಲ್ಲಿ ಸೆಳವಿಲ್ಲ. ಅಲ್ಲಿ ಕಲಿಯಬಹುದೇ?
– ಓದುಗರು, ಎನ್.ಆರ್.ಪುರ

ಉತ್ತರ: ಕಲಿಯಲು ನಿಂತ ನೀರೇ ಸರಿ, ಜೊತೆಗೆ ಬಲ್ಲವರಿರಲಿ. ಗಾಳಿ ಎದ್ದರೆ ಹಿನ್ನೀರಿನಲ್ಲೂ ಅಲೆ ಏಳುತ್ತದೆ, ದಡ ದೂರ. ಮಗುಚಿದರೆ ಕಯಾಕ್ ಬಿಟ್ಟು ಈಜಬೇಡಿ, ಅದನ್ನೇ ಹಿಡಿದಿರಿ. ಅಣೆಕಟ್ಟಿನ ಮಟ್ಟ ಇಳಿದಾಗ ಮುಳುಗಿದ ಮರದ ಬೊಡ್ಡೆಗಳು ನೀರಿನಡಿಯಲ್ಲೇ ಇರುತ್ತವೆ. ಒಂದು ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ಅರಣ್ಯ ಇಲಾಖೆಯನ್ನು ಕೇಳದೆ ಆ ದಡಕ್ಕೆ ಹೋಗಬಾರದು.

ಪ್ರಶ್ನೆ: ನಮ್ಮ ಹೋಂಸ್ಟೇ ಅತಿಥಿಗಳು ಭದ್ರಾ ರ‍್ಯಾಫ್ಟಿಂಗ್‌ಗೆ ಕಳಿಸಿ ಎನ್ನುತ್ತಾರೆ. ಏನು ನೋಡಬೇಕು?
– ಬಾಳೆಹೊನ್ನೂರು ಸಮೀಪದ ಗೃಹಿಣಿ

ಉತ್ತರ: ಜಾಕೆಟ್ ಹಾಕಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ ಅಮ್ಮ. ಕಿವಿವರೆಗೆ ಬಂದರೆ ಅದು ಆ ಮೈಗೆ ಆಗದ ಜಾಕೆಟ್. ಗೈಡ್ ಹತ್ತಿರ ಎಸೆಯುವ ಹಗ್ಗದ ಚೀಲ ಇದೆಯೇ, ಹೊರಡುವ ಮೊದಲು ದಡದಲ್ಲೇ ಪಾಠ ಹೇಳುತ್ತಾರೆಯೇ, ಜೊತೆಗೊಂದು ರಕ್ಷಣಾ ಕಯಾಕ್ ಬರುತ್ತದೆಯೇ ಎಂದು ಕೇಳಿ. ನದಿಯ ಕಷ್ಟವನ್ನು 1ರಿಂದ 6ರವರೆಗಿನ ದರ್ಜೆಯಲ್ಲಿ ಅಳೆಯುತ್ತಾರೆ. ಇವತ್ತಿನ ನೀರು ಎಷ್ಟನೆಯದು ಎಂದರೆ ಒಳ್ಳೆಯ ಗೈಡ್ ತಡವರಿಸುವುದಿಲ್ಲ. ಕುಡಿದವರನ್ನೂ ಕಳಿಸಬೇಡಿ, ರೆಡ್ ಅಲರ್ಟ್ ಇರುವ ದಿನ ಯಾರನ್ನೂ ಕಳಿಸಬೇಡಿ. ತುರ್ತಿಗೆ 112.