ಟರ್ಕಿ ಕೋಳಿಯ ಹೊಟ್ಟೆಹುಳ ಮತ್ತು ಒಣ ಹಾಸು

ಶಾಲೆಯಲ್ಲಿ ನಮಗೆ ಜಂತುಹುಳದ ಮಾತ್ರೆ ಕೊಡ್ತಾರೆ. ಕೋಳಿಗೂ ಜಂತುಹುಳ ಆಗುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು? ನಾಟಿ ಕೋಳಿ, ಗಿರಿರಾಜ, ಟರ್ಕಿ ಯಾವುದನ್ನೂ ಅದು ಬಿಡುವುದಿಲ್ಲ. ನಮ್ಮ ಕೇರಿಯಲ್ಲಿ ಒಬ್ಬರು ಈಗ ಟರ್ಕಿ ಮರಿ ತಂದು ಸಾಕ್ತಿದಾರೆ. ಕೋಳಿ ಮಾರಿದ ದುಡ್ಡು ಮನೆ ಹೆಂಗಸರ ಕೈದುಡ್ಡು. ನಮ್ಮವ್ವ ನನಗೆ ನೋಟ್‌ಬುಕ್ಕು ತರುವುದು ಅದರಲ್ಲೇ. ಆದ್ದರಿಂದ ಇದು ಸಣ್ಣ ವಿಷಯ ಅಲ್ಲ.

ಹುಳ ಬರುವ ದಾರಿ ಹೀಗಿದೆ. ಕೋಳಿಯ ಕರುಳಿನಲ್ಲಿರುವ ದುಂಡುಹುಳ ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ಕೆಳಗೆ ಬೀಳುತ್ತದೆ. ಬಿದ್ದ ದಿನವೇ ಅದರಿಂದ ರೋಗ ಹರಡುವುದಿಲ್ಲ. ತೇವ, ಬಿಸುಪು, ಗಾಳಿ ಮೂರೂ ಸಿಕ್ಕರೆ ಸುಮಾರು ಎರಡು ವಾರದಲ್ಲಿ ಒಳಗೆ ಮರಿಹುಳ ಬೆಳೆಯುತ್ತದೆ. ಆಮೇಲೆ ಕೋಳಿ ಕೆದಕಿ ತಿಂದರೆ ಹೊಟ್ಟೆ ಸೇರುತ್ತದೆ. ರಕ್ತಬೇಧಿ ತರುವ ಕಾಕ್ಸಿಡಿಯ ಹುಳವಲ್ಲ, ಕಣ್ಣಿಗೆ ಕಾಣದ ಜೀವಿ. ಅದಕ್ಕೆ ತೇವ ಸಿಕ್ಕರೆ ಎರಡೇ ದಿನ ಸಾಕು!

“ನಮ್ಮದು ಮಳೆಯಿಲ್ಲದ ಸೀಮೆ, ತೇವ ಎಲ್ಲಿ ಬಂತು?” ಅಂತ ನೀವು ಕೇಳಬಹುದು. ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು, ನಿಜ. ಆದರೆ ಕೋಳಿ ಗೂಡಿನೊಳಗೆ ನೀರಿನ ತಟ್ಟೆಯ ಸುತ್ತ ನೋಡಿ. ಬೇಸಿಗೆಯಲ್ಲೂ ಅಲ್ಲಿ ಕೆಸರು ಇರ್ತದೆ. ಊರೆಲ್ಲ ಒಣಗಿದ್ದರೂ ಹುಳಕ್ಕೆ ಆ ಒಂದು ಮೊಳ ಜಾಗ ಸಾಕು. ತಟ್ಟೆಯನ್ನು ಇಟ್ಟಿಗೆ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟರೆ ನೀರು ಅಷ್ಟಾಗಿ ಚೆಲ್ಲುವುದಿಲ್ಲ. ಮರಿ ಬೆಳೆದಂತೆ ಇಟ್ಟಿಗೆ ಏರಿಸಬೇಕು.

ಇನ್ನು ನೆಲದ ಹಾಸು. ಭತ್ತದ ಹೊಟ್ಟು ನಮ್ಮಲ್ಲಿ ಸುಲಭವಾಗಿ ಸಿಗಲ್ಲ. ಆದರೆ ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಶೇಂಗಾ ಸಿಪ್ಪೆಗೆ ಬರವೇ? ಸಿಪ್ಪೆ ನೀರು ಹೀರುತ್ತದೆ, ಬೇಗ ಒಣಗುತ್ತದೆ. ಬೂಷ್ಟು ಹಿಡಿದ ಸಿಪ್ಪೆ ಮಾತ್ರ ಬೇಡವೇ ಬೇಡ, ಅದರಲ್ಲಿ ವಿಷ ಇರುತ್ತದೆ. ಮರಿಗಳಿಗೆ 2 ಅಂಗುಲ, ದೊಡ್ಡವಕ್ಕೆ 3ರಿಂದ 4 ಅಂಗುಲ ದಪ್ಪ ಹಾಕಬೇಕು. ವಾರಕ್ಕೆ ಎರಡು ಸಲ ಕೆದಕಿ ತಿರುವಿ ಹಾಕಬೇಕು. ಗಟ್ಟಿಯಾಗಿ ಹೆಪ್ಪುಗಟ್ಟಿದ್ದನ್ನು ತೆಗೆದು ತಿಪ್ಪೆಗೆ ಹಾಕಿ ಹೊಸದು ಹರಡಬೇಕು. ಆ ತಿಪ್ಪೆಗೂ ಕೋಳಿ ಬಿಡಬಾರದು, ಇಲ್ಲದಿದ್ದರೆ ಮಾಡಿದ ಕೆಲಸವೆಲ್ಲ ದಂಡ.

ಹಾಸು ಒಣಗಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಒಂದು ಹಿಡಿ ತೆಗೆದು ಅದುಮಿ, ಕೈ ಬಿಡಿ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚು. ಸಡಿಲವಾಗಿ ಬಿಚ್ಚಿಕೊಂಡರೆ ಸರಿ. ಬರೀ ಧೂಳು ಹಾರಿದರೆ ಅದೂ ಒಳ್ಳೆಯದಲ್ಲ, ಕೋಳಿಗೆ ಕೆಮ್ಮು ಬರುತ್ತದೆ. (ಕೈ ತೊಳೆಯುವುದು ಮರೀಬೇಡಿ!) ಸುಣ್ಣ ಹಾಕಿದರೆ ಹುಳ ಸಾಯುತ್ತೆ ಅಂತ ಕೆಲವರು ಹೇಳ್ತಾರೆ. ಸುಣ್ಣ ತೇವ ಎಳೆಯುತ್ತದೆ ಅಷ್ಟೇ, ಹುಳದ ಮೊಟ್ಟೆಯ ಸಿಪ್ಪೆ ಬಲು ಗಟ್ಟಿ. ಜಂತಿನ ಔಷಧಿಯನ್ನು ಪಶು ವೈದ್ಯರನ್ನು ಕೇಳಿಯೇ ಕೊಡಬೇಕು. ಹಾಸು ಹಸಿಯಾಗಿದ್ದರೆ ಔಷಧಿ ಕುಡಿಸಿದ ಮೇಲೂ ಹುಳ ಮತ್ತೆ ಸೇರಿಕೊಳ್ಳುತ್ತದೆ.

ಟರ್ಕಿ ಸಾಕುವವರಿಗೆ ಇನ್ನೊಂದು ಅಪಾಯ ಇದೆ. ‘ಕಪ್ಪುತಲೆ’ ಎಂಬ ರೋಗದ ಜೀವಿಯನ್ನು 1895ರಲ್ಲಿ ಅಮೆರಿಕದ ವಿಜ್ಞಾನಿ ಥಿಯೋಬಾಲ್ಡ್ ಸ್ಮಿತ್ ವಿವರಿಸಿದರು. ಅದು ಕೋಳಿಯ ಕರುಳಿನ ಒಂದು ಸಣ್ಣ ಹುಳದ ಮೊಟ್ಟೆಯೊಳಗೆ ಅಡಗಿ ಹರಡುತ್ತದೆ ಎಂದು 1920ರಲ್ಲಿ ಗೊತ್ತಾಯಿತು. ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಇರಬಲ್ಲದು. ನಾಟಿ ಕೋಳಿಗೆ ಅದರಿಂದ ಅಷ್ಟೇನೂ ಆಗಲ್ಲ, ಟರ್ಕಿ ಮಾತ್ರ ಹಳದಿ ಬೇಧಿಯಾಗಿ ಸಾಯುತ್ತದೆ. ಆದ್ದರಿಂದ ಎರಡನ್ನೂ ಒಂದೇ ಗೂಡಿನಲ್ಲಿ ಕೂಡಬಾರದು. ಟರ್ಕಿ ಮೊಟ್ಟೆಯನ್ನು ನಾಟಿ ಕೋಳಿಯ ಕಾವಿಗೆ ಇಡುವವರಿದ್ದಾರೆ. 28 ದಿನ ಕಾವು ಬೇಕು. ಅಂಥವರು ಆ ಕೋಳಿಗೆ ಮೊದಲೇ ಜಂತಿನ ಔಷಧಿ ಕುಡಿಸಿ, ಹೊಸ ಒಣ ಹಾಸಿನ ಮೇಲೆ ಕೂರಿಸಲಿ. ಮರಿ ಒಡೆದ ಮೇಲೆ ಬೇರೆ ಮಾಡಿ, ಕೋಳಿ ಓಡಾಡದ ಜಾಗದಲ್ಲಿ ಬೆಳೆಸಲಿ.

— 7ನೇ ತರಗತಿ